ಜುನಿಪೆರೊ ಸೆರ್ರಾ: ಚರ್ಚ್ ಸಂತನೆಂದು ಕರೆದ ಪಾದ್ರಿಯ ಪ್ರತಿಮೆಯನ್ನು ಜನ ಉರುಳಿಸಿದ್ದೇಕೆ?

2015ರ ಸೆಪ್ಟೆಂಬರ್ 23ರಂದು ವಾಷಿಂಗ್ಟನ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರು 18ನೇ ಶತಮಾನದ ಸ್ಪೇನ್ ಪಾದ್ರಿಯೊಬ್ಬರನ್ನು ಸಂತರೆಂದು ಘೋಷಿಸಿದರು. ಐದು ವರ್ಷ ತುಂಬುವ ಮೊದಲೇ, 2020ರ ಜೂನ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಲಾಸ್ ಏಂಜಲೀಸ್ ನಗರಗಳಲ್ಲಿ ಪ್ರತಿಭಟನಾಕಾರರು ಅದೇ ಪಾದ್ರಿಯ ಪ್ರತಿಮೆಗಳನ್ನು ಕೆಳಗುರುಳಿಸಿದರು. ಅವರ ಹೆಸರು ಜುನಿಪೆರೊ ಸೆರ್ರಾ. ಸತ್ತು ಎರಡು ಶತಮಾನ ಕಳೆದರೂ ಕ್ಯಾಲಿಫೋರ್ನಿಯಾದಲ್ಲಿ ಅವರ ಬಗೆಗಿನ ಜಗಳ ಮುಗಿದಿಲ್ಲ.

ರೈತನ ಮಗ ಪ್ರಾಧ್ಯಾಪಕನಾದ

ಸೆರ್ರಾ ಹುಟ್ಟಿದ್ದು 1713ರ ನವೆಂಬರ್ 24ರಂದು, ಸ್ಪೇನ್‌ನ ಮಯೋರ್ಕಾ ದ್ವೀಪದ ಪೆಟ್ರಾ ಎಂಬ ಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ಮಿಕೆಲ್ ಜೋಸೆಪ್. ಹದಿಹರೆಯದಲ್ಲೇ ಫ್ರಾನ್ಸಿಸ್ಕನ್ ಪಂಗಡ ಸೇರಿ, ಸಂತ ಫ್ರಾನ್ಸಿಸರ ಸಂಗಾತಿಯಾಗಿದ್ದ ಜುನಿಪರ್ ಹೆಸರನ್ನು ತಮ್ಮದಾಗಿಸಿಕೊಂಡರು. ಪಾಲ್ಮಾದ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಬೋಧಿಸುತ್ತಿದ್ದ ಅವರಿಗೆ ಒಳ್ಳೆಯ ಹೆಸರಿತ್ತು, ನೆಮ್ಮದಿಯ ಬದುಕಿತ್ತು.

1749ರಲ್ಲಿ, 35ನೇ ವಯಸ್ಸಿನಲ್ಲಿ, ಅದೆಲ್ಲವನ್ನೂ ಬಿಟ್ಟು ಮೆಕ್ಸಿಕೊಗೆ ಹಡಗು ಹತ್ತಿದರು. ವೆರಾಕ್ರೂಜ್ ಬಂದರಿನಿಂದ ಮೆಕ್ಸಿಕೊ ನಗರದವರೆಗೆ ಕುದುರೆ ಬೇಡವೆಂದು ನಡೆದೇ ಹೋದರು. ದಾರಿಯಲ್ಲಿ ಕಾಲಿಗೆ ಆದ ಹುಣ್ಣು ಸಾಯುವವರೆಗೂ ಅವರನ್ನು ಕಾಡಿತು. ಸಿಯೆರಾ ಗೋರ್ಡಾ ಬೆಟ್ಟಗಳಲ್ಲಿ ಎಂಟು ವರ್ಷ ಪಾಮೆ ಬುಡಕಟ್ಟಿನ ಜನರ ನಡುವೆ ಇದ್ದು, ಅವರ ಭಾಷೆ ಕಲಿತು ಕೆಲಸ ಮಾಡಿದರು. ಅಲ್ಲಿನ ಐದು ಮಿಷನ್ ಚರ್ಚ್‌ಗಳು 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ.

ಶಿಲುಬೆಯ ಜೊತೆ ಬಂದೂಕು

1767ರಲ್ಲಿ ಸ್ಪೇನ್ ದೊರೆ ಜೆಸ್ಯೂಟ್ ಪಾದ್ರಿಗಳನ್ನು ತನ್ನ ರಾಜ್ಯದಿಂದಲೇ ಹೊರಹಾಕಿದ. ಅವರು ಬಿಟ್ಟುಹೋದ ಬಾಹಾ ಕ್ಯಾಲಿಫೋರ್ನಿಯಾದ ಮಿಷನ್‌ಗಳ ಹೊಣೆ ಸೆರ್ರಾ ಹೆಗಲೇರಿತು. ಅಷ್ಟರಲ್ಲಿ ಉತ್ತರದ ಕರಾವಳಿಗೆ ರಷ್ಯನ್ನರು ಇಳಿದುಬರುತ್ತಾರೆ ಎಂಬ ಭಯ ಸ್ಪೇನ್ ಆಡಳಿತವನ್ನು ಹಿಡಿದಿತ್ತು. ಅವರಿಗಿಂತ ಮೊದಲು ಆ ನೆಲ ಹಿಡಿಯಲು ಗಾಸ್ಪರ್ ಡೆ ಪೋರ್ತೊಲಾ ನೇತೃತ್ವದಲ್ಲಿ ಸೈನಿಕರ ತಂಡ ಹೊರಟಿತು. ಪಾದ್ರಿಗಳ ಮುಖ್ಯಸ್ಥರಾಗಿ ಹೊರಟವರು ಸೆರ್ರಾ.

1769ರ ಜುಲೈ 16ರಂದು ಸ್ಯಾನ್ ಡಿಯಾಗೊದಲ್ಲಿ ಮೊದಲ ಮಿಷನ್ ಆರಂಭವಾಯಿತು. ಅದು ಕುಮೆಯಾಯ್ ಜನರ ನೆಲ. ಮರುವರ್ಷ ಮಾಂಟೆರೆಯಲ್ಲಿ ಎರಡನೆಯದು. ಸೆರ್ರಾ ಬದುಕಿದ್ದಾಗಲೇ ಒಟ್ಟು ಒಂಬತ್ತು ಮಿಷನ್‌ಗಳು ಎದ್ದವು. ಮುಂದೆ ಈ ಸಂಖ್ಯೆ 21ಕ್ಕೆ ಏರಿತು.

ಮಿಷನ್ ಎಂದರೆ ಬರೀ ಚರ್ಚ್ ಅಲ್ಲ. ಹೊಲ, ದನದ ಹಟ್ಟಿ, ನೇಯ್ಗೆಮನೆ, ವಸತಿ ಎಲ್ಲವೂ ಅಲ್ಲೇ. ಗಾಜಿನ ಮಣಿ, ಬಟ್ಟೆ, ಆಹಾರದ ಆಸೆಗೆ ಕೆಲವರು ಬಂದರು. ಸ್ಪೇನ್‌ನವರ ದನಕರುಗಳು ಹುಲ್ಲುಗಾವಲು ಮೇಯ್ದು, ಕಾಡಿನ ಕಾಳುಕಡ್ಡಿ ಕಡಿಮೆಯಾದಾಗ ಬೇರೆ ದಾರಿಯಿಲ್ಲದೆ ಬಂದವರೂ ಇದ್ದರು. ಆದರೆ ಒಮ್ಮೆ ದೀಕ್ಷಾಸ್ನಾನವಾದರೆ ಅನುಮತಿಯಿಲ್ಲದೆ ಹೊರಹೋಗುವಂತಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು, ಚಾಟಿ ಏಟು ಬೀಳುತ್ತಿತ್ತು. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಒಂದೇ ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಲಾಗುತ್ತಿತ್ತು. ಯುರೋಪಿನಿಂದ ಬಂದ ರೋಗಗಳು ಇಕ್ಕಟ್ಟಾದ ಆ ವಸತಿಗಳಲ್ಲಿ ಬೇಗ ಹಬ್ಬಿದವು. ಮಕ್ಕಳೇ ಹೆಚ್ಚು ಬಲಿಯಾದರು.

ರಕ್ಷಕನೂ ಹೌದು, ಶಿಕ್ಷಕನೂ ಹೌದು

ಸೈನಿಕರು ಮೂಲನಿವಾಸಿ ಹೆಂಗಸರ ಮೇಲೆ ನಡೆಸುತ್ತಿದ್ದ ಅತ್ಯಾಚಾರಗಳನ್ನು ಸೆರ್ರಾ ಸಹಿಸಲಿಲ್ಲ. 1773ರಲ್ಲಿ ಮೆಕ್ಸಿಕೊ ನಗರಕ್ಕೆ ಹೋಗಿ, ವೈಸರಾಯ್ ಬುಕಾರೆಲಿ ಮುಂದೆ 32 ಅಂಶಗಳ ಮನವಿ ಇಟ್ಟರು. ಸೇನಾಧಿಕಾರಿ ಪೆದ್ರೊ ಫಾಗೆಸ್‌ನನ್ನು ತೆಗೆಯಬೇಕೆಂಬ ಅವರ ಬೇಡಿಕೆ ಈಡೇರಿತು.

1775ರ ನವೆಂಬರ್‌ನಲ್ಲಿ ಕುಮೆಯಾಯ್ ಜನ ದಂಗೆಯೆದ್ದು ಸ್ಯಾನ್ ಡಿಯಾಗೊ ಮಿಷನ್‌ಗೆ ಬೆಂಕಿಯಿಟ್ಟರು. ಪಾದ್ರಿ ಲೂಯಿಸ್ ಹೈಮೆ ಸೇರಿ ಮೂವರು ಸತ್ತರು. ಸೈನಿಕರು ಸೇಡಿಗೆ ಸಿದ್ಧರಾದಾಗ, ದಾಳಿ ಮಾಡಿದವರನ್ನು ಕೊಲ್ಲಬಾರದು, ಕ್ಷಮಿಸಬೇಕು ಎಂದು ಸೆರ್ರಾ ವೈಸರಾಯ್‌ಗೆ ಪತ್ರ ಬರೆದರು.

ಅದೇ ಸೆರ್ರಾ 1780ರಲ್ಲಿ ಗವರ್ನರ್ ಫೆಲಿಪೆ ಡೆ ನೆವೆಗೆ ಬರೆದ ಪತ್ರದಲ್ಲಿ ಚಾಟಿ ಏಟನ್ನು ಸಮರ್ಥಿಸಿದರು. ತಂದೆ ಮಕ್ಕಳನ್ನು ದಂಡಿಸುವಂತೆ ಪಾದ್ರಿಗಳು ಇವರನ್ನು ದಂಡಿಸುತ್ತಾರೆ ಎಂಬುದು ಅವರ ವಾದ. ಮೂಲನಿವಾಸಿಗಳು ತಮ್ಮ ಮುಖಂಡರನ್ನು ತಾವೇ ಚುನಾಯಿಸಲಿ ಎಂದು ನೆವೆ ಹೇಳಿದಾಗಲೂ ಸೆರ್ರಾ ವಿರೋಧಿಸಿದರು. ಬೆಳೆದ ಗಂಡಸರು, ಹೆಂಗಸರು ಅವರ ಕಣ್ಣಿಗೆ ಕೊನೆಯವರೆಗೂ ಮಕ್ಕಳಾಗಿಯೇ ಉಳಿದರು. ಅವರ ಮಮತೆ ಹುಟ್ಟಿದ್ದೂ ಕ್ರೌರ್ಯ ಹುಟ್ಟಿದ್ದೂ ಇದೇ ನಂಬಿಕೆಯಿಂದ.

ಮುಗಿಯದ ವಾದ

1784ರ ಆಗಸ್ಟ್ 28ರಂದು, 70ನೇ ವಯಸ್ಸಿನಲ್ಲಿ, ಕಾರ್ಮೆಲ್ ಮಿಷನ್‌ನಲ್ಲಿ ಸೆರ್ರಾ ತೀರಿಕೊಂಡರು. ಸಮಾಧಿಯೂ ಅಲ್ಲೇ ಇದೆ. ಮರುವರ್ಷವೇ ಸ್ಯಾನ್ ಗೇಬ್ರಿಯೆಲ್ ಮಿಷನ್ ವಿರುದ್ಧ ನಡೆದ ದಂಗೆಯ ಸಂಚಿನಲ್ಲಿ ಟೊಯ್‌ಪುರಿನಾ ಎಂಬ ಯುವತಿ ಮುಂದಾಳಾಗಿದ್ದಳು. ಸಂಚು ಬಯಲಾಗಿ, ಆಕೆಯನ್ನು ತವರಿನಿಂದ ದೂರ ಗಡಿಪಾರು ಮಾಡಲಾಯಿತು.

1787ರಲ್ಲಿ ಶಿಷ್ಯ ಫ್ರಾನ್ಸಿಸ್ಕೊ ಪಾಲೌ ಬರೆದ ಜೀವನಚರಿತ್ರೆ ಪ್ರಕಟವಾಯಿತು. ಸೆರ್ರಾ ಸಂತ ಎಂಬ ಚಿತ್ರ ಬೇರೂರಿದ್ದು ಅದರಿಂದಲೇ. 1931ರಲ್ಲಿ ಅಮೆರಿಕ ಸಂಸತ್ ಭವನದಲ್ಲಿ ಅವರ ಪ್ರತಿಮೆ ನಿಂತಿತು. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಸಂತಪದವಿಯ ಹಿಂದಿನ ಮೆಟ್ಟಿಲಿಗೆ ಏರಿಸಿದರು.

ಅವರು ಪಾಪಾತ್ಮರ ಉದ್ಧಾರಕ್ಕೆ ಜೀವ ತೇಯ್ದವರು ಎನ್ನುತ್ತಾರೆ ಭಕ್ತರು. ಓಲೋನೆ, ಎಸೆಲೆನ್, ಕುಮೆಯಾಯ್ ವಂಶಸ್ಥರಲ್ಲಿ ಅನೇಕರು ಕೇಳುವುದು ಬೇರೆ ಮಾತು: ನಮ್ಮ ಅಜ್ಜ-ಅಜ್ಜಿಯರ ಭಾಷೆ, ಊರು, ಗೋರಿಗಳ ಲೆಕ್ಕ ಕೊಡುವವರು ಯಾರು? ಸ್ಯಾಕ್ರಮೆಂಟೊದಲ್ಲಿ 2020ರಲ್ಲಿ ಉರುಳಿದ ಸೆರ್ರಾ ಪ್ರತಿಮೆಗೆ ಬದಲಾಗಿ ಮೂಲನಿವಾಸಿಗಳ ಸ್ಮಾರಕ ನಿಲ್ಲಿಸಲು ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಿತು. ಚರ್ಚ್‌ನ ಪಟ್ಟಿಯಲ್ಲಿ ಮಾತ್ರ ಸೆರ್ರಾ ಇಂದಿಗೂ ಸಂತರೇ.