ರಸ್ತೆ ಬಿಡಿಸಿದ ಎಂಜಿನಿಯರ್: ಚೆಂಡಿಯಾದ ರಾಮ ರಾಘೋಬ ರಾಣೆ

ಕಾರವಾರದ ಬೀಚಿಗೆ ಹೋದರೆ ಚಾಪೆಲ್ ಯುದ್ಧನೌಕೆ ಮುಂದೆ ಒಂದು ಫೋಟೊ ತೆಗೆಸಿಕೊಳ್ಳದೆ ನಾವು ವಾಪಸ್ ಬರೋದಿಲ್ಲ. ಅಲ್ಲೇ ಹತ್ತಿರ ಇರುವ ಸೈನಿಕರ ಪ್ರತಿಮೆ ಯಾರದ್ದು ಅಂತ ಕೇಳಿದರೆ ಮಾತ್ರ ನಮ್ಮಲ್ಲಿ ಬಹಳ ಜನ ತಡವರಿಸುತ್ತೇವೆ. ಅವರು ಮೇಜರ್ ರಾಮ ರಾಘೋಬ ರಾಣೆ. ಊರು ಚೆಂಡಿಯಾ, ಕಾರವಾರದಿಂದ ಅಂಕೋಲಾ ಕಡೆ ಹೊರಟರೆ ಸಿಗುವ ಹಳ್ಳಿ. ಪರಮವೀರ ಚಕ್ರ ಪಡೆದ ರಾಣೆಯವರು ಸೈನ್ಯದ ಎಂಜಿನಿಯರ್ ದಳದವರು. ಹಾಗಾಗಿ ಈ ಕತೆ ನಮಗೆ ಇನ್ನಷ್ಟು ಹತ್ತಿರದ್ದು.

ರಾಣೆ ಹುಟ್ಟಿದ್ದು 1918ರ ಜೂನ್ 26ರಂದು. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. 1940ರಲ್ಲಿ ಬಾಂಬೆ ಸ್ಯಾಪರ್ಸ್ ಸೇರಿದ ರಾಣೆ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿದರು. ಅಲ್ಲಿ ಸೇನೆ ಹಿಂದೆ ಸರಿಯುವಾಗ, ಮುಖ್ಯ ಸಾಮಗ್ರಿಗಳನ್ನು ನಾಶ ಮಾಡಿ ಬರುವ ಕೆಲಸಕ್ಕೆ ಅವರ ತಂಡ ಹಿಂದೆ ಉಳಿಯಿತು. ಹಡಗಿನಲ್ಲಿ ಕರೆದೊಯ್ಯುವ ಯೋಜನೆ ಕೈಗೂಡಲಿಲ್ಲ. ಜಪಾನಿಯರು ಕಾಯುತ್ತಿದ್ದ ನದಿಯನ್ನು ತಾವೇ ದಾಟಿ ತಂಡವನ್ನು ಸೇರಿಕೊಂಡರು.

1947ರ ಡಿಸೆಂಬರ್‌ನಲ್ಲಿ ರಾಣೆ ಸೆಕೆಂಡ್ ಲೆಫ್ಟಿನೆಂಟ್ ಆದರು. ನಾಲ್ಕೇ ತಿಂಗಳಲ್ಲಿ ನಿಜವಾದ ಪರೀಕ್ಷೆ ಬಂತು. ಜಮ್ಮು ಭಾಗದ ರಜೌರಿ ಪಾಕಿಸ್ತಾನದ ಕಡೆಯ ದಾಳಿಕೋರರ ಕೈಯಲ್ಲಿತ್ತು. ನೌಶೇರಾದಿಂದ ಅಲ್ಲಿಗೆ ನಮ್ಮ ಟ್ಯಾಂಕ್‌ಗಳು ಹೋಗಬೇಕಿತ್ತು. ಆದರೆ ರಸ್ತೆಯ ಉದ್ದಕ್ಕೂ ನೆಲಬಾಂಬ್, ಕಡಿದು ಕೆಡವಿದ ಮರಗಳು, ಸುತ್ತಲ ಗುಡ್ಡಗಳಲ್ಲಿ ಶತ್ರುವಿನ ಮೆಷಿನ್ ಗನ್. ದಾರಿ ಬಿಡಿಸದೆ ಒಂದು ಟ್ಯಾಂಕೂ ಮುಂದೆ ಹೋಗುವಂತಿರಲಿಲ್ಲ.

1948ರ ಏಪ್ರಿಲ್ 8ರಂದು ಕೆಲಸ ಶುರುವಾಗುವ ಹೊತ್ತಿಗೇ ಮಾರ್ಟರ್ ದಾಳಿಯಾಯಿತು. ರಾಣೆಯವರ ತಂಡದ ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯೂ ಒಬ್ಬರು. ಆದರೂ ಅವರು ಹಿಂದಿರುಗಲಿಲ್ಲ. ಗುಂಡು ಬೀಳುತ್ತಿದ್ದ ಜಾಗದಲ್ಲಿ ಟ್ಯಾಂಕಿನ ಅಡಿಗೆ ನುಗ್ಗಿ, ಅದರ ಜೊತೆಗೇ ತೆವಳುತ್ತ ಬಾಂಬ್ ಹುಡುಕಿದರು. ನಿಲ್ಲು, ಹೊರಡು ಅಂತ ಚಾಲಕನಿಗೆ ಹಗ್ಗ ಎಳೆದು ಸಂಜ್ಞೆ ಕೊಡುತ್ತಿದ್ದರು. ಒಂದು ಕ್ಷಣ ಲೆಕ್ಕ ತಪ್ಪಿದರೂ ಮುಗೀತು.

9ರಂದು 12 ಗಂಟೆ ಎಡೆಬಿಡದೆ ದುಡಿದರು. ರಸ್ತೆ ಬಿಡಿಸಲಾಗದ ಕಡೆ ಬದಲಿ ದಾರಿ ಮಾಡಿಕೊಟ್ಟರು. 10ರ ಬೆಳಗ್ಗೆ ಐದು ದೊಡ್ಡ ಪೈನ್ ಮರಗಳು ಅಡ್ಡ ಬಿದ್ದಿದ್ದವು, ಅವುಗಳ ಸುತ್ತ ಬಾಂಬ್ ಹುಗಿದಿತ್ತು. ಗುಂಡಿನ ಮಳೆಯ ನಡುವೆ ಎರಡೇ ಗಂಟೆಯಲ್ಲಿ ಅದನ್ನೂ ತೆರವು ಮಾಡಿದರು. 11ರಂದು ಮತ್ತೆ 17 ಗಂಟೆ ಕೆಲಸ. ಚಿಂಗಸ್‌ವರೆಗಿನ ರಸ್ತೆ ತೆರೆಯಿತು. 12ರಂದು ನಮ್ಮ ಸೇನೆ ರಜೌರಿ ಸೇರಿತು, ಅಲ್ಲಿ ಸಿಕ್ಕಿಬಿದ್ದಿದ್ದ ಎಷ್ಟೋ ಜನರ ಜೀವ ಉಳಿಯಿತು.

ಪರಮವೀರ ಚಕ್ರ ಪಡೆದವರಲ್ಲಿ ಹೆಚ್ಚಿನವರಿಗೆ ಅದು ಸಿಕ್ಕಿದ್ದು ಮರಣಾನಂತರ. ರಾಣೆಯವರು ಬದುಕಿದ್ದಾಗಲೇ ಪಡೆದರು. 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ, 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಅವರ ಹೆಸರಿಡಲಾಯಿತು.

ಶೌರ್ಯ ಅಂದ್ರೆ ನಮಗೆ ಮೊದಲು ನೆನಪಾಗುವುದು ಗುಂಡು ಹಾರಿಸುವವರು. ರಾಣೆಯವರು ಆ ನಾಲ್ಕು ದಿನ ಮಾಡಿದ್ದು ಹಿಂದೆ ಬರುವವರಿಗೆ ದಾರಿ ಮಾಡಿಕೊಡುವ ಕೆಲಸ. ಪಕ್ಕದಲ್ಲೇ ಇಬ್ಬರು ಜೊತೆಗಾರರು ಸತ್ತ ಮೇಲೂ, ಮೈಯಲ್ಲಿ ಗಾಯ ಇಟ್ಟುಕೊಂಡೂ, ಕೈ ನಡುಗದಂತೆ ಒಂದೊಂದೇ ಬಾಂಬ್ ತೆಗೆಯುವುದು ಸಣ್ಣ ಧೈರ್ಯವಲ್ಲ. ಮುಂದಿನ ಸಲ ಅಂಕೋಲಾ ಬಸ್ಸಿನಲ್ಲಿ ಚೆಂಡಿಯಾ ದಾಟುವಾಗ ಪಕ್ಕದ ಸೀಟಿನ ಗೆಳೆಯರಿಗೂ ಇದನ್ನು ಹೇಳೋಣ.