ತೊಗಲಿನ ಗುಟ್ಟು ಬಿಡಿಸಿದ ರಾಮಚಂದ್ರನ್

ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಮಾತಾಡುವ ಕಂಬಂ ಕಣಿವೆಯ ನಮ್ಮಂಥವರಿಗೆ ದಿಂಡಿಗಲ್ ದೊಡ್ಡ ಊರು. 1755ರಲ್ಲಿ ಹೈದರಾಲಿ ಮೈಸೂರಿನ ಫೌಜುದಾರನಾಗಿ ಬಂದಿದ್ದ ಊರದು. ಬೀಗಕ್ಕೆ ಹೆಸರು, ಬಿರಿಯಾನಿಗೂ ಹೆಸರು. ಅದರ ಜೊತೆಗೆ ತೊಗಲು ಹದ ಮಾಡೋ ಕೆಲಸಕ್ಕೂ ಹೆಸರು. ಆ ಕೆಲಸದವರ ಬದುಕನ್ನೇ ಹಿಡಿದು ಡಿ. ಸೆಲ್ವರಾಜ್ ತಮಿಳಿನಲ್ಲಿ ಬರೆದ ‘ತೋಲ್’ ಕಾದಂಬರಿಗೆ 2012ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ತೆಗೆದು, ಅಂಟಿದ ಮಾಂಸ ಹೆರೆದು ಹಾಕಿದ ಮೇಲೆ ಏನು ಉಳಿಯುತ್ತೆ? ಉಳಿಯೋದು ಬಹುಪಾಲು ಕೊಲಾಜನ್ ಅನ್ನೋ ಪ್ರೋಟೀನು. ತಂಗಡಿ ತೊಗಟೆಯ ರಸವೋ, ಕ್ರೋಮಿಯಂ ಉಪ್ಪೋ ಹೋಗಿ ಹಿಡಿದುಕೊಳ್ಳೋದು ಅದನ್ನೇ. ನಮ್ಮ ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ಕಟ್ಟು, ಎಲ್ಲದರಲ್ಲೂ ಇರೋದು ಅದೇ. ಗಾಯ ಮಾಯುವಾಗ ಮೈ ಮೊದಲು ನೇಯಬೇಕಾದ ಬಟ್ಟೆಯೂ ಅದೇ. ಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ, ಈ ವಸ್ತುವಿನ ಒಳರಚನೆಯನ್ನು ಬಿಡಿಸಿದವರು ನಮ್ಮ ದಕ್ಷಿಣದವರೇ ಅನ್ನೋದು ದೊಡ್ಡ ಸಂಗತಿ ಅನ್ನಿಸುತ್ತೆ. ಅವರೇ ಜಿ.ಎನ್. ರಾಮಚಂದ್ರನ್.

ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ದಿಂಡಿಗಲ್ ದಾಟಿದರೆ ಸಿಗುವ ತಿರುಚ್ಚಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಮಗ ಭೌತಶಾಸ್ತ್ರ ಓದಿದರು. ಮಗ ರೈಲ್ವೆ ಎಂಜಿನಿಯರ್ ಆಗಲಿ ಅಂತ ತಂದೆಯ ಆಸೆ. ಮಗ ದೆಹಲಿಗೆ ಹೋಗಿ ಬೇಕಂತಲೇ ಪರೀಕ್ಷೆ ಕೆಡಿಸಿಕೊಂಡು ಬಂದರು ಅಂತ ಹೇಳ್ತಾರೆ.

1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದೋಕೆ. ಸರ್ ಸಿ.ವಿ. ರಾಮನ್ ಕಣ್ಣಿಗೆ ಬಿದ್ದರು, ಭೌತಶಾಸ್ತ್ರಕ್ಕೆ ಬಂದುಬಿಟ್ಟರು. 1947ರಿಂದ 49ರವರೆಗೆ ಕೇಂಬ್ರಿಡ್ಜಿನಲ್ಲಿದ್ದು ಬೆಂಗಳೂರಿಗೇ ಮರಳಿದರು. 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಕುಲಪತಿ ಲಕ್ಷ್ಮಣಸ್ವಾಮಿ ಮುದಲಿಯಾರರು ಭೌತಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿದ್ದಾಗ ರಾಮನ್ ತೋರಿಸಿದ್ದು ಈ ಶಿಷ್ಯನನ್ನು. ಆಗಿನ್ನೂ ಮೂವತ್ತರ ಆಸುಪಾಸು ವಯಸ್ಸು.

ಅದೇ ವರ್ಷ ಇಂಗ್ಲೆಂಡಿನ ವಿಜ್ಞಾನಿ ಜೆ.ಡಿ. ಬರ್ನಾಲ್ ಮದರಾಸಿಗೆ ಬಂದರು. ಕೊಲಾಜನ್ನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲ ಅನ್ನೋ ಮಾತು ಅವರಿಂದ ಬಂತು. ರಾಮಚಂದ್ರನ್ ತಡಮಾಡಲಿಲ್ಲ. ಹತ್ತಿರದಲ್ಲೇ ಇದ್ದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಗೆ ಹೋಗಿ ವಿಷಯ ತಿಳಿದುಕೊಂಡರು. ಕಾಂಗರೂ ಬಾಲದ ನಾರು ತರಿಸಿ ಕ್ಷ-ಕಿರಣ ಹಾಯಿಸಿ ಚಿತ್ರ ತೆಗೆದರು. ಜೊತೆಗಿದ್ದವರು ಗೋಪಿನಾಥ್ ಕರ್ತಾ.

ಕೊಲಾಜನ್ನಿನಲ್ಲಿ ಮೂರರಲ್ಲೊಂದು ಪಾಲು ಗ್ಲೈಸೀನ್ ಅನ್ನೋದು ಅವರಿಗೆ ಸಿಕ್ಕ ಸುಳಿವು. ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು ಅದು. ಹಾಗಾದರೆ ಪ್ರತಿ ಮೂರನೆಯ ಜಾಗದಲ್ಲಿ ಅದೇ ಕೂತಿರಬೇಕು, ಎಳೆಗಳೂ ಮೂರಿರಬೇಕು ಅಂತ ಲೆಕ್ಕ ಹಾಕಿದರು. ಹಗ್ಗ ಹೊಸೆದವರಿಗೆ ಇದು ಬೇಗ ತಿಳಿಯುತ್ತೆ. ಮೂರು ಎಳೆ ಕೂಡುವ ನಡುವಿನಲ್ಲಿ ಜಾಗ ಇಕ್ಕಟ್ಟು. ಅಲ್ಲಿ ಹಿಡಿಸೋದು ಗ್ಲೈಸೀನ್ ಒಂದೇ. 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಮಾದರಿ ಬಂತು. ಚಂದ್ರ ತಾನೂ ತಿರುಗುತ್ತ ಭೂಮಿಯನ್ನೂ ಸುತ್ತುತ್ತ ನಮಗೆ ಒಂದೇ ಮುಖ ತೋರಿಸೋ ಹಾಗೆ, ಎಳೆಗಳು ತಾವೂ ತಿರುಚಿಕೊಂಡು ಒಂದರ ಸುತ್ತ ಇನ್ನೊಂದೂ ಹುರಿಗೊಂಡಿವೆ ಅಂತ 1955ರಲ್ಲಿ ಅದನ್ನು ತಿದ್ದಿದರು.

ಅಷ್ಟರಲ್ಲೇ ಎದುರುವಾದ ಬಂತು. ಡಿ.ಎನ್.ಎ. ಖ್ಯಾತಿಯ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ತಮ್ಮದೇ ಮಾದರಿ ಮುಂದಿಟ್ಟು, ಮದರಾಸಿನ ಮಾದರಿಯಲ್ಲಿ ಪರಮಾಣುಗಳು ಒಂದಕ್ಕೊಂದು ತೀರಾ ಒತ್ತಿಕೊಂಡಿವೆ ಅಂದರು. ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ತಿದ್ದರು. ಇವರು ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಹುದು ಅಂತ, ಗೊತ್ತಿದ್ದ ರಚನೆಗಳನ್ನೆಲ್ಲ ಜಾಲಾಡಲು ಕೂತರು. ಆ ಹಟದಿಂದ 1963ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಸೇರಿ ಪ್ರಕಟಿಸಿದ್ದೇ ‘ರಾಮಚಂದ್ರನ್ ನಕ್ಷೆ’. ಪ್ರೋಟೀನಿನ ಎಳೆ ಎಲ್ಲಿ ಬಾಗಬಹುದು, ಎಲ್ಲಿ ಬಾಗಲಾರದು ಅಂತ ಹೇಳೋ ನಕ್ಷೆ ಅದು. ಹೊಸ ಪ್ರೋಟೀನಿನ ರಚನೆ ಬಿಡಿಸಿದವರು ಅದು ಸರಿಯಿದೆಯೋ ಇಲ್ಲವೋ ಅಂತ ಇವತ್ತಿಗೂ ಅದರ ಮೇಲಿಟ್ಟು ನೋಡ್ತಾರೆ. ಕೊಲಾಜನ್ ವಿಚಾರದಲ್ಲಿ ಎಳೆಗಳ ನಡುವೆ ಎಷ್ಟು ಬಂಧ ಅನ್ನೋ ಲೆಕ್ಕ ಮಾತ್ರ ಕ್ರಿಕ್ ಕಡೆಗೇ ವಾಲಿತು. 1994ರಲ್ಲಿ ಹರಳಿನ ಚಿತ್ರ ಅದನ್ನು ತೋರಿಸಿತು. ಮೂರೆಳೆ ಹುರಿಯ ಮೂಲ ವಿಚಾರ ಮದರಾಸಿನದೇ ನಿಂತಿತು.

ಇದರಿಂದ ಜನಕ್ಕೇನು ಬಂತು ಅಂತ ಕೇಳಬಹುದು. ಒಂದು ಗ್ಲೈಸೀನ್ ಜಾಗದಲ್ಲಿ ದಪ್ಪನೆಯ ಬೇರೊಂದು ಆಮ್ಲ ಕೂತರೆ ಸಾಕು, ಹುರಿ ಕೆಡುತ್ತೆ. ಎತ್ತಿಕೊಂಡರೂ ಮೂಳೆ ಮುರಿಯುವಂಥ ಮಗು ಹುಟ್ಟಬಹುದು. ನೆಲ್ಲಿಕಾಯಿಯಲ್ಲಿರೋ ಸಿ ಜೀವಸತ್ವ ಸಿಗದಿದ್ದರೆ ಎಳೆಗಳು ಬಿಗಿಯಾಗಿ ನಿಲ್ಲಲ್ಲ. ವಸಡಲ್ಲಿ ರಕ್ತ ಬರುತ್ತೆ, ಗಾಯ ಮಾಯಲ್ಲ. ಇದಕ್ಕೆಲ್ಲ ಕಾರಣ ಕಾಣೋದು ಆ ಹುರಿಯ ರಚನೆಯಲ್ಲೇ.

1981ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬರ್ಕ್ ಮತ್ತು ಯಾನಸ್ ಅನ್ನೋರು ದನದ ಕೊಲಾಜನ್ನಿಗೆ ಶಾರ್ಕ್ ಮೀನಿನ ಮೃದ್ವಸ್ಥಿಯ ಸತ್ವ ಬೆರೆಸಿ, ಸುಟ್ಟಗಾಯದ ಮೇಲೆ ಹಾಕೋ ಕೃತಕ ಚರ್ಮ ಮಾಡಿದ್ದನ್ನು ಪ್ರಕಟಿಸಿದರು. ಅದರ ಆಸರೆಯಲ್ಲಿ ರೋಗಿಯ ಸ್ವಂತ ಒಳಚರ್ಮ ಮತ್ತೆ ಬೆಳೆಯಿತು. ಐಸ್‌ಲ್ಯಾಂಡಿನವರು ಕಾಡ್ ಮೀನಿನ ಚರ್ಮವನ್ನೇ ಶುದ್ಧಮಾಡಿ ಮಾಯದ ಗಾಯಕ್ಕೆ ಹಚ್ತಾರೆ. ಅಮೆರಿಕ ಅದಕ್ಕೆ 2013ರಲ್ಲಿ ಅನುಮತಿ ಕೊಟ್ಟಿತು. ರಾಮಚಂದ್ರನ್ ಹೋಗಿ ಕೇಳಿದ್ದ ಆ ಚರ್ಮ ಸಂಸ್ಥೆಯೂ ಗಾಯಕ್ಕೆ ಹಾಕೋ ಕೊಲಾಜನ್ ಹಾಳೆಯ ಕೆಲಸ ಮಾಡಿದೆ.

ಅವರು 1970ರಲ್ಲಿ ಮದರಾಸು ಬಿಟ್ಟರು. 1971ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗ ಕಟ್ಟಿದರು. ಅದೇ ವರ್ಷ ಲಕ್ಷ್ಮೀನಾರಾಯಣನ್ ಜೊತೆ ಪ್ರಕಟಿಸಿದ ಒಂದು ಗಣಿತದ ವಿಧಾನ ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿಗೂ ಉಪಯೋಗಕ್ಕೆ ಬಂತು. 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಕೊನೆಗಾಲದಲ್ಲಿ ಪಾರ್ಕಿನ್‌ಸನ್ ಕಾಯಿಲೆ ಹಿಡಿಯಿತು. 1998ರಲ್ಲಿ ಹೆಂಡತಿ ರಾಜಲಕ್ಷ್ಮಿ ಹೋದರು. 1999ರಲ್ಲಿ ಹರಳುಶಾಸ್ತ್ರದವರ ಎವಾಲ್ಡ್ ಪ್ರಶಸ್ತಿ ಬಂತು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ.

ನನಗೆ ನೊಬೆಲ್ಲಿಗಿಂತ ಬೇರೆಯದೇ ಕೊರಗು. ತೊಗಲಿನ ಕೆಲಸ ದಿಂಡಿಗಲ್ಲಿಗೆ ಅನ್ನ ಕೊಟ್ಟಿತು. ಸುತ್ತಲಿನ ಬಾವಿಗಳಿಗೆ ಉಪ್ಪು, ವಿಷವನ್ನೂ ಕೊಟ್ಟಿತು. ಸುಣ್ಣದ ನೀರಲ್ಲಿ ಕೈ ಬೆಂದವರ ಗಾಯವೂ ಮಾಯಬೇಕಾದ್ದು ಆ ಮೂರೆಳೆಯಿಂದಲೇ. ಆ ಕೆಲಸವನ್ನು, ಅದನ್ನು ಮಾಡೋರನ್ನು ಕೀಳಾಗಿ ಕಂಡವರು ನಾವು. ವಿದ್ವಾಂಸರೊಬ್ಬರು ಅದೇ ತೊಗಲಿನ ಮುಂದೆ ಶಿಷ್ಯನ ಹಾಗೆ ಕೂತು ಕಲಿತರು, ಜಗತ್ತಿಗೂ ಕಲಿಸಿದರು. ಹದದ ಕೆಲಸದವರ ಮಕ್ಕಳಿಗೆ ನಮ್ಮ ಶಾಲೆಗಳು ಮೊದಲು ಹೇಳಬೇಕಾದ ವಿಜ್ಞಾನದ ಕತೆ ಇದು.