ನೆಲದಡಿಯ ಎಣ್ಣೆ ಯಾರದು? ಡಾ. ಮೊಹಮ್ಮದ್ ಮೊಸಾದೆಗ್ ಅವರ ಬದುಕು

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಒಂದು ವಿಷಯ ಕೊಟ್ಟಿದ್ದರು: ಸಣ್ಣ ದೇಶಗಳು ದೊಡ್ಡ ದೇಶಗಳ ಮಾತು ಕೇಳಿಕೊಂಡು ಹೋಗುವುದೇ ಜಾಣತನವೇ ಎಂದು. ನಾನು ಪರವಾಗಿ ಮಾತನಾಡಿದೆ. ಉದಾಹರಣೆಗೆ ಇರಾನಿನ ಪ್ರಧಾನಿಯಾಗಿದ್ದ ಮೊಹಮ್ಮದ್ ಮೊಸಾದೆಗ್ ಅವರನ್ನು ಎಳೆದು ತಂದೆ. ಎಣ್ಣೆ ಕಂಪನಿಯ ಜೊತೆ ಜಗಳ ತೆಗೆದು, ಎರಡೂಕಾಲು ವರ್ಷಕ್ಕೆ ಕುರ್ಚಿ ಕಳೆದುಕೊಂಡು, ದೇಶವನ್ನೂ ಕಷ್ಟಕ್ಕೆ ನೂಕಿದ ಹಠಮಾರಿ ಮುದುಕ ಎಂದುಬಿಟ್ಟೆ. ಚಪ್ಪಾಳೆ ಬಂತು, ಎರಡನೇ ಬಹುಮಾನವೂ ಬಂತು. ಆಮೇಲೆ ನಮ್ಮ ಇತಿಹಾಸದ ಮೇಷ್ಟ್ರು ನನ್ನನ್ನು ಕರೆದು, ಆ ಮನುಷ್ಯನ ಬಗ್ಗೆ ಎಷ್ಟು ಪುಟ ಓದಿದ್ದೀಯ ಎಂದು ಕೇಳಿದರು. ನಾನು ಓದಿದ್ದು ಒಂದೇ ಪುಟ. ಅವರು ಬೈಯಲಿಲ್ಲ, ಗ್ರಂಥಾಲಯದ ಕಡೆ ಕೈ ತೋರಿಸಿದರು. ಈ ಲೇಖನ ಅಂದು ಹೇಳಿದ ಮಾತಿಗೆ ನಾನು ಮಾಡಿಕೊಳ್ಳುತ್ತಿರುವ ತಿದ್ದುಪಡಿ.

ಮೊಸಾದೆಗ್ ಹುಟ್ಟಿದ್ದು 1882ರಲ್ಲಿ, ಟೆಹರಾನಿನಲ್ಲಿ. ತಂದೆ ಕಜಾರ್ ದೊರೆಗಳ ಆಡಳಿತದಲ್ಲಿ ಹಣಕಾಸಿನ ದೊಡ್ಡ ಅಧಿಕಾರಿ. ತಾಯಿ ನಜ್ಮುಸ್ಸಲ್ತನೆ ರಾಜಮನೆತನದವರು. ಮಗ ಚಿಕ್ಕವನಿರುವಾಗಲೇ ತಂದೆ ತೀರಿಹೋದರು. ಬೆಳೆಸಿದವರು ತಾಯಿ. ಮುಂದೆ ಆ ತಾಯಿ ತಮ್ಮ ಆಸ್ತಿಯನ್ನು ವಕ್ಫ್ ಮಾಡಿ ಟೆಹರಾನಿನಲ್ಲಿ ನಜ್ಮಿಯೆ ಎಂಬ ಆಸ್ಪತ್ರೆ ಕಟ್ಟಿಸಿದರು. ಅದು ಇಂದಿಗೂ ಇದೆ.

ಮೊಸಾದೆಗ್ ಎನ್ನುವುದು ಮೊದಲು ಹೆಸರಾಗಿರಲಿಲ್ಲ, ಷಾ ಕೊಟ್ಟ ಬಿರುದಿನ ಒಂದು ಭಾಗ. ನಮ್ಮಲ್ಲಿ ಸಾದಿಕ್, ಸಿದ್ದೀಕ್ ಎಂದು ಹೆಸರಿಡುತ್ತೇವಲ್ಲ, ಅದೇ ಅರಬಿ ಮೂಲದಿಂದ ಬಂದ ಪದ. ನಮ್ಮ ಪಿಯುಸಿ ವಯಸ್ಸಿನಲ್ಲೇ ಅವರು ಖುರಾಸಾನ್ ಪ್ರಾಂತ್ಯದ ಕಂದಾಯ ಲೆಕ್ಕಗಳ ಮುಖ್ಯಾಧಿಕಾರಿಯಾದರು. ನಮ್ಮ ತಾಲೂಕು ಕಚೇರಿಯ ತಹಶೀಲ್ದಾರ, ಶಿರಸ್ತೇದಾರ ಎಂಬ ಪದಗಳೂ ಪಾರ್ಸಿ ಆಡಳಿತದಿಂದಲೇ ಬಂದವು. ಹಾಗಾಗಿ ಆ ಕೆಲಸ ಹೇಗಿದ್ದಿರಬಹುದೆಂದು ಊಹಿಸುವುದು ನಮಗೆ ಕಷ್ಟವಲ್ಲ. ಸರ್ಕಾರದ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಎನ್ನುವುದನ್ನು ಅವರು ಹುಡುಗರಾಗಿದ್ದಾಗಲೇ ಕಂಡರು.

ಅಂದಿನ ಇರಾನಿನ ಸ್ಥಿತಿ ತಿಳಿಯದೆ ಇವರ ಬದುಕು ಅರ್ಥವಾಗುವುದಿಲ್ಲ. ಉತ್ತರಕ್ಕೆ ರಷ್ಯಾ ಸಾಮ್ರಾಜ್ಯ, ಪೂರ್ವಕ್ಕೆ ಬ್ರಿಟಿಷ್ ಇಂಡಿಯಾ. ಎರಡು ಆನೆಗಳ ನಡುವಿನ ತೋಟದಂತಿತ್ತು ದೇಶ. 1901ರಲ್ಲಿ ಅಂದಿನ ಷಾ ವಿಲಿಯಂ ನಾಕ್ಸ್ ಡಾರ್ಸಿ ಎಂಬ ವ್ಯಾಪಾರಿಗೆ 60 ವರ್ಷಗಳ ತೈಲ ಗುತ್ತಿಗೆ ಬರೆದುಕೊಟ್ಟ. ಸಿಕ್ಕಿದ್ದು 20 ಸಾವಿರ ಪೌಂಡ್ ನಗದು, ಅಷ್ಟೇ ಮೊತ್ತದ ಷೇರು, ವಾರ್ಷಿಕ ಲಾಭದಲ್ಲಿ ಶೇಕಡಾ 16 ಭಾಗ. ಉತ್ತರದ ಐದು ಪ್ರಾಂತ್ಯಗಳನ್ನು ಮಾತ್ರ ಗುತ್ತಿಗೆಯಿಂದ ಹೊರಗಿಟ್ಟರು. ಅದು ಪ್ರಜೆಗಳ ಮೇಲಿನ ಕನಿಕರದಿಂದಲ್ಲ, ನೆರೆಯ ರಷ್ಯಾ ಸಿಟ್ಟಾದೀತೆಂದು. 1907ರಲ್ಲಿ ರಷ್ಯಾ ಮತ್ತು ಬ್ರಿಟನ್ ತಮ್ಮೊಳಗೆ ಒಪ್ಪಂದ ಮಾಡಿಕೊಂಡು, ಇರಾನಿನ ಉತ್ತರ ಭಾಗ ನಿನ್ನ ಪ್ರಭಾವಕ್ಕೆ, ಆಗ್ನೇಯ ಭಾಗ ನನ್ನ ಪ್ರಭಾವಕ್ಕೆ ಎಂದು ಹಂಚಿಕೊಂಡವು. ಮನೆಯ ಯಜಮಾನನನ್ನು ಯಾರೂ ಕೇಳಲಿಲ್ಲ.

1908ರಲ್ಲಿ ಮಸ್ಜಿದ್ ಸುಲೈಮಾನ್ ಎಂಬಲ್ಲಿ ಎಣ್ಣೆ ಚಿಮ್ಮಿತು. ಮರುವರ್ಷ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿತು. ಬ್ರಿಟನ್ನಿನ ಯುದ್ಧನೌಕೆಗಳು ಕಲ್ಲಿದ್ದಲು ಬಿಟ್ಟು ತೈಲಕ್ಕೆ ಬದಲಾಗುತ್ತಿದ್ದ ಕಾಲವದು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಕಂಪನಿಯ ಅರ್ಧಕ್ಕಿಂತ ಹೆಚ್ಚು ಷೇರು ಕೊಂಡಿತು. ಅಂದಿನಿಂದ ಕಂಪನಿಯ ಜೊತೆಗಿನ ಜಗಳ ಎಂದರೆ ಒಂದು ಸಾಮ್ರಾಜ್ಯದ ಜೊತೆಗಿನ ಜಗಳ.

ಈ ನಡುವೆ ಯುವಕ ಮೊಸಾದೆಗ್ ಓದುತ್ತಿದ್ದರು. 1906ರ ಸಂವಿಧಾನ ಚಳವಳಿಯ ನಂತರ ಮೊದಲ ಮಜ್ಲಿಸ್‌ಗೆ, ಅಂದರೆ ಸಂಸತ್ತಿಗೆ, ಇಸ್ಫಹಾನಿನಿಂದ ಆಯ್ಕೆಯಾದರು. ಆದರೆ ಸದಸ್ಯರಿಗೆ 30 ವರ್ಷ ತುಂಬಿರಬೇಕೆಂಬ ನಿಯಮವಿದ್ದುದರಿಂದ ಕೂರಲಾಗಲಿಲ್ಲ. ಪ್ಯಾರಿಸ್‌ಗೆ ಹೋದರು, ಕಾಯಿಲೆ ಬಿದ್ದು ಮರಳಿದರು, ಮತ್ತೆ ಹೊರಟು ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಇಸ್ಲಾಮಿ ಕಾನೂನಿನಲ್ಲಿ ವಸೀಯತ್, ಅಂದರೆ ಉಯಿಲು. ಸತ್ತವರ ಆಸ್ತಿ ಯಾರಿಗೆ ಸೇರಬೇಕು ಎಂದು ಅಧ್ಯಯನ ಮಾಡಿದವರು, ಮುಂದೆ ಬದುಕಿರುವ ಒಂದು ದೇಶದ ಆಸ್ತಿ ಯಾರಿಗೆ ಸೇರಬೇಕು ಎಂದು ವಾದಿಸಬೇಕಾಯಿತು.

ದೇಶಕ್ಕೆ ಮರಳಿದ ಮೇಲೆ ಫಾರ್ಸ್ ಮತ್ತು ಅಜರ್‌ಬೈಜಾನ್ ಪ್ರಾಂತ್ಯಗಳ ಗವರ್ನರ್, ಹಣಕಾಸು ಮಂತ್ರಿ, ವಿದೇಶಾಂಗ ಮಂತ್ರಿ, ಹೀಗೆ ಹಲವು ಹುದ್ದೆಗಳು ಬಂದವು. ಒಪ್ಪದ ಕೆಲಸ ಬಂದಾಗ ರಾಜೀನಾಮೆ ಕೊಡುವುದು ಅವರಿಗೆ ಅಭ್ಯಾಸವೇ ಆಗಿತ್ತು. 1925ರಲ್ಲಿ ಸೇನಾಧಿಕಾರಿ ರೆಜಾ ಖಾನ್ ತಾನೇ ಷಾ ಆಗಲು ಹೊರಟಾಗ, ಮಜ್ಲಿಸ್‌ನಲ್ಲಿ ಎದ್ದು ವಿರೋಧಿಸಿದ ಬೆರಳೆಣಿಕೆಯ ಸದಸ್ಯರಲ್ಲಿ ಇವರೂ ಒಬ್ಬರು. ಅವರ ವಾದ ಸರಳವಾಗಿತ್ತು. ಸಂವಿಧಾನದ ಪ್ರಕಾರ ರಾಜ ಆಳುವವನಲ್ಲ, ಆಳುವವರು ಮಂತ್ರಿಗಳು. ಒಬ್ಬನೇ ರಾಜನೂ ಆಗಿ ಆಡಳಿತವನ್ನೂ ಹಿಡಿದರೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಮಾತು ಸೋತಿತು, ರೆಜಾ ಷಾ ಗದ್ದುಗೆ ಏರಿದ. ಮೊಸಾದೆಗ್ ತಮ್ಮ ಹಳ್ಳಿ ಅಹ್ಮದಾಬಾದ್ ಸೇರಿಕೊಂಡರು. 1940ರಲ್ಲಿ ಅವರನ್ನು ಹಿಡಿದು ದೂರದ ಬಿರ್ಜಂದ್‌ನಲ್ಲಿ ಸೆರೆಯಲ್ಲಿಟ್ಟರು. ತಂದೆಯನ್ನು ಎಳೆದೊಯ್ದುದನ್ನು ಕಂಡ ಎಳೆ ವಯಸ್ಸಿನ ಮಗಳು ಆ ಆಘಾತದಿಂದ ಚೇತರಿಸಿಕೊಳ್ಳಲೇ ಇಲ್ಲ. ಇದನ್ನು ಓದಿದಾಗ ಹಠಮಾರಿ ಮುದುಕ ಎಂಬ ನನ್ನ ಮಾತು ನನಗೇ ಚುಚ್ಚಿತು. ಹಠದ ಬೆಲೆ ಏನೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

1941ರ ಆಗಸ್ಟ್‌ನಲ್ಲಿ, ಎರಡನೇ ಮಹಾಯುದ್ಧದ ನಡುವೆ, ಉತ್ತರದಿಂದ ಸೋವಿಯತ್ ಸೇನೆ, ದಕ್ಷಿಣ ಮತ್ತು ಪಶ್ಚಿಮದಿಂದ ಬ್ರಿಟಿಷ್ ಸೇನೆ ಇರಾನಿಗೆ ನುಗ್ಗಿದವು. ಇರಾನ್ ತಟಸ್ಥ ದೇಶವೆಂದು ಘೋಷಿಸಿಕೊಂಡಿತ್ತು, ಆದರೂ ಬಿಡಲಿಲ್ಲ. ಅಬಾದಾನಿನ ತೈಲ ಘಟಕವನ್ನು ವಶಪಡಿಸಿಕೊಂಡ ಬ್ರಿಟಿಷ್ ಪಡೆಯಲ್ಲಿ ಇದ್ದವರು ಬಹುಪಾಲು ಭಾರತೀಯ ಸೈನಿಕರು. ತಮ್ಮ ದೇಶವೇ ಗುಲಾಮಗಿರಿಯಲ್ಲಿದ್ದಾಗ ನಮ್ಮವರನ್ನು ಇನ್ನೊಂದು ದೇಶ ಹಿಡಿಯಲು ಕಳಿಸಿದ್ದರು. ರೆಜಾ ಷಾನನ್ನು ಇಳಿಸಿ, ಅವನ ಮಗ ಮೊಹಮ್ಮದ್ ರೆಜಾನನ್ನು ಕೂರಿಸಿದರು.

1944ರಲ್ಲಿ ಮೊಸಾದೆಗ್ ಟೆಹರಾನಿನಿಂದ ಗೆದ್ದು ಮಜ್ಲಿಸ್‌ಗೆ ಮರಳಿದರು. ಆಗ ಸೋವಿಯತ್ ಒಕ್ಕೂಟ ಉತ್ತರದ ತೈಲ ಗುತ್ತಿಗೆ ಕೇಳಿತು. ಅದರ ಸೈನ್ಯ ಇನ್ನೂ ದೇಶದೊಳಗೇ ಇತ್ತು. ಮೊಸಾದೆಗ್ ಒಂದು ಮಸೂದೆ ತಂದು ಪಾಸು ಮಾಡಿಸಿದರು: ಮಜ್ಲಿಸ್ ಒಪ್ಪಿಗೆಯಿಲ್ಲದೆ ಯಾವ ಮಂತ್ರಿಯೂ ವಿದೇಶಿಯರ ಜೊತೆ ತೈಲ ಗುತ್ತಿಗೆಯ ಮಾತುಕತೆ ನಡೆಸುವಂತಿಲ್ಲ. ಒಬ್ಬ ನೆರೆಯವನಿಗೆ ಕೊಟ್ಟದ್ದನ್ನು ಇನ್ನೊಬ್ಬನಿಗೂ ಕೊಟ್ಟು ತೂಗಿಸುವುದು ಹಳೆಯ ನೀತಿ. ಯಾರಿಗೂ ಕೊಡದೆ ತೂಗಿಸುವುದು ಇವರ ನೀತಿ. ಯುದ್ಧ ಮುಗಿದರೂ ಸೋವಿಯತ್ ಸೇನೆ ಹೊರಡದಿದ್ದಾಗ ವಿಷಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಯಿತು. 1946ರ ಮೇ ಹೊತ್ತಿಗೆ ಸೇನೆ ಹೊರಟಿತು. ಹೊರಡುವ ಮುನ್ನ ಅದು ಜಂಟಿ ತೈಲ ಕಂಪನಿಯ ಒಪ್ಪಂದವೊಂದನ್ನು ಮಾಡಿಸಿಕೊಂಡಿತ್ತು. ಅದನ್ನು 1947ರಲ್ಲಿ ಮಜ್ಲಿಸ್ ತಳ್ಳಿಹಾಕಿತು. ಮೊಸಾದೆಗ್ ಬ್ರಿಟಿಷರನ್ನು ಮಾತ್ರ ವಿರೋಧಿಸಿದರು ಎಂದು ನಾನು ತಿಳಿದಿದ್ದೆ, ಅದೂ ತಪ್ಪಾಗಿತ್ತು.

ಈಗ ಉಳಿದದ್ದು ದಕ್ಷಿಣದ ಎಣ್ಣೆ. ಅಬಾದಾನ್ ಆಗ ಜಗತ್ತಿನಲ್ಲೇ ದೊಡ್ಡ ತೈಲ ಶುದ್ಧೀಕರಣ ಘಟಕ. ಭಾರತದಿಂದ ಹೋದ ಕೆಲಸಗಾರರೂ ಅಲ್ಲಿದ್ದರು. ಬ್ರಿಟಿಷ್ ಅಧಿಕಾರಿಗಳಿಗೆ ಹುಲ್ಲುಹಾಸಿನ ಬಂಗಲೆಗಳು, ಇರಾನಿ ಕೂಲಿಗಳಿಗೆ ಕಾಗಜಾಬಾದ್ ಎಂಬ ಕೊಳೆಗೇರಿ. ಕಂಪನಿಯಿಂದ ಇರಾನಿಗೆ ಸಿಗುತ್ತಿದ್ದ ರಾಜಧನಕ್ಕಿಂತ ಬ್ರಿಟಿಷ್ ಖಜಾನೆಗೆ ಹೋಗುತ್ತಿದ್ದ ತೆರಿಗೆಯೇ ಹೆಚ್ಚು. ಲೆಕ್ಕದ ಪುಸ್ತಕ ತೋರಿಸಿ ಎಂದರೆ ಅದಕ್ಕೂ ಕಂಪನಿ ಒಪ್ಪುತ್ತಿರಲಿಲ್ಲ. 1950ರ ಕೊನೆಯಲ್ಲಿ ಸೌದಿ ಅರೇಬಿಯಾಕ್ಕೆ ಅಮೆರಿಕದ ಕಂಪನಿಗಳು ಲಾಭದ ಅರ್ಧ ಪಾಲು ಕೊಡಲು ಒಪ್ಪಿದಾಗ ಇರಾನಿನ ಜನರ ತಾಳ್ಮೆ ಮುಗಿಯಿತು.

1951ರ ಮಾರ್ಚ್‌ನಲ್ಲಿ ಮಜ್ಲಿಸ್ ತೈಲವನ್ನು ರಾಷ್ಟ್ರೀಕರಣ ಮಾಡಿತು. ಏಪ್ರಿಲ್ ಕೊನೆಗೆ ಮೊಸಾದೆಗ್ ಪ್ರಧಾನಿಯಾದರು. ವಯಸ್ಸು ಎಪ್ಪತ್ತರ ಹತ್ತಿರ, ಆರೋಗ್ಯ ಸರಿಯಿಲ್ಲ. ಹಾಸಿಗೆಯ ಮೇಲೆ ಮಲಗಿಕೊಂಡೇ ಕಡತ ನೋಡುತ್ತಿದ್ದರು, ರಾಯಭಾರಿಗಳನ್ನೂ ಅಲ್ಲೇ ಭೇಟಿಯಾಗುತ್ತಿದ್ದರು. ಭಾಷಣದ ನಡುವೆ ಕಣ್ಣೀರು ಹಾಕುತ್ತಿದ್ದರು. ಪಾಶ್ಚಾತ್ಯ ಪತ್ರಿಕೆಗಳು ಇದನ್ನೇ ಹಾಸ್ಯ ಮಾಡಿದವು. ನಾನು ಅಂದು ಓದಿದ್ದ ಒಂದು ಪುಟದಲ್ಲಿ ಇದ್ದದ್ದೂ ಆ ಹಾಸ್ಯವೇ.

ಬ್ರಿಟನ್ ತಂತ್ರಜ್ಞರನ್ನು ಹಿಂತೆಗೆದುಕೊಂಡಿತು, ಯುದ್ಧನೌಕೆಗಳನ್ನು ಕೊಲ್ಲಿಗೆ ಕಳಿಸಿತು, ಇರಾನಿನ ಎಣ್ಣೆ ಯಾರೂ ಕೊಳ್ಳದಂತೆ ನೋಡಿಕೊಂಡಿತು. ಇರಾನ್ ಮಾಡಿದ್ದು ಅನ್ಯಾಯವೆಂದು ಭದ್ರತಾ ಮಂಡಳಿಗೂ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ದೂರು ಕೊಟ್ಟಿತು. ಕಾಯಿಲೆಯ ಮೊಸಾದೆಗ್ 1951ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ಗೂ, 1952ರ ಜೂನ್‌ನಲ್ಲಿ ಹೇಗ್‌ಗೂ ತಾವೇ ಹೋದರು. ಇದು ಎರಡು ದೇಶಗಳ ವ್ಯಾಜ್ಯವಲ್ಲ, ಒಂದು ದೇಶ ಮತ್ತು ಒಂದು ಖಾಸಗಿ ಕಂಪನಿಯ ನಡುವಿನ ವಿಷಯ, ಪರಿಹಾರ ಕೊಡಲು ನಾವು ಸಿದ್ಧ, ಒಡೆತನ ಬಿಡಲು ಸಿದ್ಧರಿಲ್ಲ ಎನ್ನುವುದು ಇರಾನಿನ ನಿಲುವು. 1952ರ ಜುಲೈ 22ರಂದು ನ್ಯಾಯಾಲಯ, ಈ ಪ್ರಕರಣ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಪು ಕೊಟ್ಟಿತು. ಬಹುಮತದ ಜೊತೆ ಮತ ಹಾಕಿದವರಲ್ಲಿ ಬ್ರಿಟನ್ನಿನ ನ್ಯಾಯಾಧೀಶರೂ ಇದ್ದರು.

ಅದರ ಹಿಂದಿನ ದಿನವಷ್ಟೇ ಟೆಹರಾನಿನ ಬೀದಿಗಳಲ್ಲಿ ರಕ್ತ ಹರಿದಿತ್ತು. ಸೇನೆಯ ಖಾತೆ ಷಾ ಬಿಟ್ಟುಕೊಡದ ಕಾರಣ ಮೊಸಾದೆಗ್ ರಾಜೀನಾಮೆ ನೀಡಿದ್ದರು. ಜನ ಬೀದಿಗಿಳಿದರು, ಗುಂಡೇಟಿಗೆ ಹಲವರು ಸತ್ತರು, ಷಾ ಮಣಿದು ಅವರನ್ನೇ ಮತ್ತೆ ಕರೆದ. ಆ ಅವಧಿಯಲ್ಲಿ ಅವರು ಜಮೀನ್ದಾರರ ಪಾಲಿನಿಂದ ಶೇಕಡಾ 20 ಕಡಿತ ಮಾಡಿ, ಅದನ್ನು ರೈತರಿಗೂ ಗ್ರಾಮ ಸಮಿತಿಗಳಿಗೂ ಹಂಚುವ ಕಾನೂನು ತಂದರು. ಅವರೂ ಜಮೀನ್ದಾರರೇ ಆಗಿದ್ದರು ಎನ್ನುವುದನ್ನು ನೆನಪಿಡಬೇಕು.

ಅವರು ತಪ್ಪೇ ಮಾಡಲಿಲ್ಲ ಎಂದು ನಾನು ಬರೆಯಲಾರೆ. ಎಣ್ಣೆ ಮಾರಾಟವಾಗದೆ ಬೊಕ್ಕಸ ಬರಿದಾಯಿತು. ಜೊತೆಗಿದ್ದ ಆಯತುಲ್ಲಾ ಕಾಶಾನಿಯಂಥವರು ದೂರವಾದರು. 1953ರ ಆಗಸ್ಟ್‌ನಲ್ಲಿ ಮಜ್ಲಿಸ್ ವಿಸರ್ಜಿಸಲು ಜನಮತಗಣನೆ ನಡೆಸಿದಾಗ ಹೌದು ಎನ್ನುವವರಿಗೂ ಇಲ್ಲ ಎನ್ನುವವರಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ಗುಟ್ಟಿಲ್ಲದ ಮತದಾನ ಮತದಾನವೇ ಅಲ್ಲ. ಸಂವಿಧಾನಕ್ಕಾಗಿ ಜೀವಮಾನವಿಡೀ ವಾದಿಸಿದವರು ಹೀಗೆ ಮಾಡಿದ್ದು ನನಗೆ ನೋವು ತಂದಿತು.

ಆದರೆ ಅವರನ್ನು ಕೆಳಗಿಳಿಸಿದ್ದು ಈ ತಪ್ಪುಗಳಲ್ಲ. ಬ್ರಿಟನ್ ಮತ್ತು ಅಮೆರಿಕದ ಗುಪ್ತಚರ ಸಂಸ್ಥೆಗಳು ಸೇರಿ ಕ್ಷಿಪ್ರಕ್ರಾಂತಿ ಹೂಡಿದವು. ಪತ್ರಿಕೆಗಳಿಗೆ, ಅಧಿಕಾರಿಗಳಿಗೆ, ಬೀದಿ ಗುಂಪುಗಳಿಗೆ ಹಣ ಹರಿಯಿತು. ಆಗಸ್ಟ್ 15ರ ರಾತ್ರಿಯ ಮೊದಲ ಪ್ರಯತ್ನ ಸೋತು ಷಾ ಬಾಗ್ದಾದ್‌ಗೆ, ಅಲ್ಲಿಂದ ರೋಮ್‌ಗೆ ಓಡಿದ. 19ರಂದು ಮತ್ತೆ ಗುಂಪುಗಳು, ಟ್ಯಾಂಕುಗಳು ಹೊರಟವು. ಮೊಸಾದೆಗ್ ಮನೆಯ ಮೇಲೆ ಶೆಲ್ ಬಿದ್ದವು. ಆ ದಿನ ಇನ್ನೂರರಿಂದ ಮುನ್ನೂರು ಜನ ಸತ್ತರೆಂದು ಅಂದಾಜು. ಗೋಡೆ ಹಾರಿ ತಪ್ಪಿಸಿಕೊಂಡ ಪ್ರಧಾನಿ ಮರುದಿನ ತಾವೇ ಶರಣಾದರು. ಅಮೆರಿಕದ ಗುಪ್ತಚರ ಸಂಸ್ಥೆ ತನ್ನ ಪಾತ್ರವನ್ನು ದಾಖಲೆಯಲ್ಲಿ ಒಪ್ಪಿಕೊಂಡದ್ದು ಹೊರಬರಲು 2013 ಆಗಬೇಕಾಯಿತು.

1954ರಲ್ಲಿ ಎಣ್ಣೆ ಹೊಸ ಕೂಟಕ್ಕೆ ಹೋಯಿತು. ಹಳೆಯ ಬ್ರಿಟಿಷ್ ಕಂಪನಿಗೆ ಶೇಕಡಾ 40, ಅಮೆರಿಕದ ಕಂಪನಿಗಳಿಗೆ ಶೇಕಡಾ 40, ಉಳಿದದ್ದು ಡಚ್ ಮತ್ತು ಫ್ರೆಂಚ್ ಪಾಲುದಾರರಿಗೆ. ಆದರೂ ಲಾಭದ ಅರ್ಧ ಇರಾನಿಗೆ ಕೊಡಲೇಬೇಕಾಯಿತು, ತೈಲ ರಾಷ್ಟ್ರದ್ದು ಎಂಬ ಮಾತನ್ನು ಕಾಗದದ ಮೇಲಾದರೂ ಉಳಿಸಿಕೊಳ್ಳಬೇಕಾಯಿತು. ಇದು ಮೊಸಾದೆಗ್ ಹಠದ ಫಲ.

ಸೇನಾ ನ್ಯಾಯಾಲಯ ಅವರಿಗೆ ಮೂರು ವರ್ಷ ಸೆರೆವಾಸ ವಿಧಿಸಿತು. ಆಮೇಲೆ ಸಾಯುವವರೆಗೂ ಅಹ್ಮದಾಬಾದಿನಲ್ಲಿ ಗೃಹಬಂಧನ. 1967ರ ಮಾರ್ಚ್ 5ರಂದು, ತಾಯಿ ವಕ್ಫ್ ಮಾಡಿದ ನಜ್ಮಿಯೆ ಆಸ್ಪತ್ರೆಯಲ್ಲೇ ತೀರಿಕೊಂಡರು. 1952ರ ಜುಲೈನಲ್ಲಿ ತಮಗಾಗಿ ಬೀದಿಯಲ್ಲಿ ಸತ್ತವರ ಪಕ್ಕದಲ್ಲಿ ತಮ್ಮ ಕಬರ್ ಆಗಲಿ ಎಂಬುದು ಅವರ ಆಸೆಯಾಗಿತ್ತು. ಷಾ ಒಪ್ಪಲಿಲ್ಲ. ಹಳ್ಳಿಯ ಮನೆಯ ಒಂದು ಕೋಣೆಯಲ್ಲೇ ದಫನ್ ಮಾಡಿದರು. ವಸೀಯತ್ ಬಗ್ಗೆ ಡಾಕ್ಟರೇಟ್ ಮಾಡಿದವರ ಕೊನೆಯ ಆಸೆ ಹೀಗೆ ನೆರವೇರದೆ ಉಳಿಯಿತು.

ಸ್ನೇಹಿತರೇ, ಆ ಚರ್ಚೆಯ ವಿಷಯವನ್ನು ಮತ್ತೆ ಕೊಟ್ಟರೆ ನಾನು ಯಾವ ಕಡೆ ನಿಲ್ಲುತ್ತೇನೆ? ದೊಡ್ಡವರಿಗೆ ಎದುರು ನಿಂತರೆ ಸೋಲಬಹುದು ಎಂಬುದು ಈಗಲೂ ನಿಜವೇ. ಆದರೆ ಮೊಸಾದೆಗ್ ಬಂದೂಕು ಹಿಡಿದವರಲ್ಲ. ಸಂಸತ್ತು, ಕಾನೂನು, ಅಂತರರಾಷ್ಟ್ರೀಯ ನ್ಯಾಯಾಲಯ, ಇವು ಸಣ್ಣವರಿಗೂ ಸೇರಿದವು ಎಂದು ನಂಬಿ ಅಲ್ಲಿಗೇ ಹೋದವರು. ಅಲ್ಲಿ ಅವರು ಸೋಲಲಿಲ್ಲ. ಅಲ್ಲಿ ಸೋಲಿಸಲಾಗದವರು ಹಿಂಬಾಗಿಲಿನಿಂದ ಬಂದರು. ತಪ್ಪನ್ನು ಅವರ ತಲೆಗೆ ಕಟ್ಟಿ ನಾನು ಬಹುಮಾನ ತೆಗೆದುಕೊಂಡೆ.

ಇನ್ನು ಮುಂದೆ ಯಾರದೇ ಬಗ್ಗೆ ವೇದಿಕೆಯಲ್ಲಿ ಮಾತನಾಡುವ ಮುನ್ನ ಒಂದು ಪುಟಕ್ಕಿಂತ ಹೆಚ್ಚು ಓದುತ್ತೇನೆ. ನೀವೂ ಓದಿ. ನಮ್ಮ ಗ್ರಂಥಾಲಯದ ಇತಿಹಾಸದ ಕಪಾಟು ಬಾಗಿಲಿನ ಎಡಗಡೆಯಲ್ಲಿದೆ.